ಆರ್-ವೈ-ಬಿ ರಾಯರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಂತೆ ಸಿಗುವ ಈ ರಾಯರನ್ನು ಗುರುತಿಸುವುದು ಸುಲಭ. ಕರೆಂಟು ಹೋದಾಗ ಉಳಿದವರು ಮೋಂಬತ್ತಿ ಹುಡುಕುತ್ತಾರೆ; ರಾಯರು ಬನಿಯನ್ನಿನಲ್ಲೇ ಗೇಟಿಗೆ ಬಂದು, "ಕರೆಂಟ್ ಹೋಗಿಲ್ಲ ಕಣ್ರೀ, ವೈ ಫೇಸ್ ಮಾತ್ರ ಹೋಗಿದೆ" ಎಂದು ತೀರ್ಪು ಕೊಡುತ್ತಾರೆ. ಸಿಂಗಲ್ ಫೇಸಿನವರನ್ನು ಕಂಡರೆ ಅವರಿಗೆ ಕನಿಕರ. ತಮ್ಮ ಮನೆಗೆ ಆರ್, ವೈ, ಬಿ ಮೂರೂ ಫೇಸು ಬರುತ್ತವಲ್ಲ!

ಮೊದಲೆಲ್ಲ ಮೀಟರಿನ ಕೆಂಪು ದೀಪ ಎಷ್ಟು ಸಲ ಮಿನುಗಿತೆಂದು ವಾಚು ಹಿಡಿದು ಎಣಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಮಗ ಕರೆಂಟು ಅಳೆಯುವ ಮಾನಿಟರ್ ತಂದುಕೊಟ್ಟ. ಫೇಸಿಗೊಂದರಂತೆ ಮೂರು ಕ್ಲಾಂಪು ವೈರುಗಳನ್ನು ಕಚ್ಚಿಕೊಂಡವು, ಲೆಕ್ಕವೆಲ್ಲ ಮೊಬೈಲಿಗೆ ಬಂತು. ಮನೆಯವರ ನೆಮ್ಮದಿ ಅಲ್ಲಿಗೆ ಮುಗಿಯಿತು.

"ಬಿ ಫೇಸ್ ಎರಡು ಸಾವಿರ ವಾಟ್! ಯಾರ್ರೀ ಗೀಸರ್ ಹಾಕಿದ್ದು?"

ಎರಡು ಸಾವಿರ ವಾಟಿನ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ 2023ರಿಂದ ಈ ಲೆಕ್ಕ ಇನ್ನೂ ಬಿಗಿಯಾಗಿದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕೈಯಿಂದ ಕಟ್ಟಬೇಕು. ಹೀಗಾಗಿ ತಿಂಗಳ ಕೊನೆಯ ವಾರ ಗ್ರೈಂಡರಿಗೆ ರಜೆ, ದೋಸೆಗೂ ರಜೆ.

ಮೂರೂ ಫೇಸು ಸಮವಾಗಿರಬೇಕೆಂಬುದು ಅವರ ಇನ್ನೊಂದು ವ್ರತ. ಅದಕ್ಕಾಗಿ ಫ್ರಿಜ್ಜಿನ ವೈರನ್ನು ಹಾಲಿನ ಉದ್ದಕ್ಕೂ ಎಳೆದು, ಬಂದ ನೆಂಟರನ್ನೆಲ್ಲ ಎಡವಿಸಿದ್ದಾರೆ. ಒಂದೇ ಫೇಸಿನ ಮೇಲೆ ವಿಪರೀತ ಲೋಡು ಬೀಳಬಾರದು, ನಿಜ. ಆದರೆ ಯೂನಿಟ್ ಲೆಕ್ಕಕ್ಕೆ ಮೀಟರು ಮೂರನ್ನೂ ಕೂಡಿಸುತ್ತದೆ. ಫ್ರಿಜ್ಜು ಎಲ್ಲಿದ್ದರೂ ತಿನ್ನುವಷ್ಟು ತಿಂದೇ ತಿನ್ನುತ್ತದೆ. ರಾಯರ ಹೆಂಡತಿಗೆ ಇದು ಗೊತ್ತು. ಹೇಳಲು ಹೋಗಿಲ್ಲ.

ಊರಿನಲ್ಲಿರುವ ತಮ್ಮನಿಗಾದರೋ ತ್ರೀ ಫೇಸ್ ಎಂದರೆ ಅಪರಾತ್ರಿಯಲ್ಲಿ ಬ್ಯಾಟರಿ ಹಿಡಿದು ಪಂಪ್‌ಸೆಟ್ಟಿಗೆ ಓಡುವುದು. ಒಮ್ಮೆ ರಾಯರು ಅದೇ ಹೊತ್ತಿಗೆ ಫೋನ್ ಮಾಡಿ ಮೋಟಾರಿನ ಪವರ್ ಫ್ಯಾಕ್ಟರ್ ಎಷ್ಟೆಂದು ಕೇಳಿದರು. "ಕಾಲ್ಬುಡದಲ್ಲಿ ಹಾವೈತೆ, ಇಡಣ್ಣೋ" ಎಂದ ತಮ್ಮ.

ಅಳಿಯ ಬಂದಿದ್ದಾಗ ಪವಾಡವೊಂದು ನಡೆಯಿತು. ಹಿಂದಿನ ದಿನವಷ್ಟೇ ರಾಯರು ಕ್ಲಾಂಪುಗಳನ್ನು ಬಿಚ್ಚಿ, ಧೂಳು ಒರೆಸಿ, ಮತ್ತೆ ಹಾಕಿದ್ದರು. ಬೆಳಿಗ್ಗೆ ಗೀಸರ್ ಹಾಕಿದೊಡನೆ ಮೊಬೈಲಿನಲ್ಲಿ ಮೈನಸ್ 1000 ವಾಟ್! ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಇಲ್ಲ. ಆದರೂ ಕರೆಂಟು ಮನೆಯಿಂದ ಕಂಬಕ್ಕೆ ಹರಿಯುತ್ತಿದೆ! ರಾಯರು ಬಚ್ಚಲಮನೆಯ ಬಾಗಿಲು ತಟ್ಟಿದರು. "ನಿಧಾನವಾಗಿ ಸ್ನಾನ ಮಾಡಿ ಅಳಿಯಂದಿರೇ, ಅರ್ಜೆಂಟೇನಿಲ್ಲ." ಮದುವೆಯಾದ ಮೇಲೆ ಅಳಿಯ ಆ ಮಾತು ಕೇಳಿದ್ದು ಅದೇ ಮೊದಲು. ಆ ವಾರ ಮನೆಯವರೆಲ್ಲ ದಿನಕ್ಕೆರಡು ಸಲ ಮಿಂದರು.

ಕೊನೆಗೆ ಎಲೆಕ್ಟ್ರಿಷಿಯನ್ ಹುಡುಗ ಬಂದು ಪೆಟ್ಟಿಗೆ ತೆರೆದ. ವೈ ಕ್ಲಾಂಪು ಬಿ ವೈರಿಗೆ, ಬಿ ಕ್ಲಾಂಪು ವೈ ವೈರಿಗೆ ಬಿದ್ದಿತ್ತು. ಫೇಸುಗಳ ಅಲೆಗಳ ನಡುವೆ 120 ಡಿಗ್ರಿ ಅಂತರ. ಒಂದರ ಕರೆಂಟನ್ನು ಇನ್ನೊಂದರ ವೋಲ್ಟೇಜಿಗೆ ಗುಣಿಸಿದರೆ 2000 ವಾಟಿನ ಗೀಸರು ಮೈನಸ್ 1000 ಎಂದೇ ತೋರಿಸುತ್ತದೆ. ಹುಡುಗ ಎರಡನ್ನೂ ಅದಲುಬದಲು ಮಾಡಿ, ಗೀಸರ್ ಹಾಕಿ ತೋರಿಸಿದ. ಪ್ಲಸ್ 2000.

ಗೋಡೆಯ ಮೀಟರಿಗೆ ಈ ಪವಾಡದ ಸುದ್ದಿಯೇ ಮುಟ್ಟಿರಲಿಲ್ಲ. ಆ ತಿಂಗಳು 214 ಯೂನಿಟ್ ಆಯಿತು. ಬಿಲ್ಲು ಬರುವ ಹೊತ್ತಿಗೆ ಅಳಿಯ ಊರು ಸೇರಿದ್ದ.