ಎರರ್ ಮಾಸ್ತರರ ಕಿರ್ದಿ

ಊರಿಗೊಬ್ಬರು ಕಂಪ್ಯೂಟರ್ ರಿಪೇರಿಯವರು ಇದ್ದೇ ಇರುತ್ತಾರೆ. ಬಂದವರೇ ಯಂತ್ರ ಆರಿಸಿ, ಮತ್ತೆ ಹಚ್ಚಿ, ಚಹಾ ಕುಡಿದು, ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ಹಾನಗಲ್ಲಿನ ನಮ್ಮ ಎರರ್ ಮಾಸ್ತರರು ಆ ಪೈಕಿ ಅಲ್ಲ. ಕೆಟ್ಟ ಯಂತ್ರವನ್ನು ಆರಿಸಲು ಯಾರಾದರೂ ಕೈ ಚಾಚಿದರೆ ಸಾಕು, ಹೆಣದ ಪಂಚನಾಮೆಗೆ ಬಂದ ಫೌಜದಾರರಂತೆ ‘ಮುಟ್ಟಬ್ಯಾಡ್ರಿ!’ ಎಂದು ಚೀರುತ್ತಾರೆ.

ಅಡತಿ ಅಂಗಡಿ, ಬೀಜ–ಗೊಬ್ಬರದ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ಇವರ ಸುಪರ್ದಿ. ಒಳಕೋಣೆಯಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇರುವ ಸರ್ವರ್; ಗಲ್ಲೆಯಲ್ಲೊಂದು, ಗೋದಾಮಿನಲ್ಲೊಂದು ಅದಕ್ಕೆ ಜೋಡಿಸಿದ ಕಂಪ್ಯೂಟರ್. ಮಾಸ್ತರರ ಜನ್ಮವೈರಿ ಓಕೆ ಬಟನ್.

‘ಏನೋ ಇಂಗ್ಲಿಷ್‌ನ್ಯಾಗ ಬಂತ್ರಿ. ಓಕೆ ಒತ್ತಿದೆ, ಹೋತು.’

‘ಏನ್ ಬರದಿತ್ತು?’

‘ಗಿರಾಕಿ ನಿಂತಿದ್ರು. ಓದಾಕ ಟೈಮ್ ಎಲ್ಲೈತ್ರಿ?’

ಈ ಸಂಭಾಷಣೆ ಕೇಳಿ ಕೇಳಿ ಸಾಕಾಗಿ, ಪ್ರತಿ ಯಂತ್ರವೂ ತನ್ನ ಕಿರ್ದಿ ತಾನೇ ಬರೆಯುವಂತೆ ಮಾಡಿದರು: ಹೊತ್ತು, ಯಂತ್ರ, ಕೂತವರು ಯಾರು, ಮಾಡುತ್ತಿದ್ದ ಕೆಲಸವೇನು, ತಪ್ಪಿನ ನಂಬರು. ‘ಸೀದಾ ಸರ್ವರಿಗೇ ಬರದ್ರ ಆಗೂದಿಲ್ಲೇನ್ರಿ?’ ಎಂದ ಶಿಷ್ಯನಿಗೆ ಬೈಗುಳವೇ ಪಾಠ: ‘ಸರ್ವರ್ ಸಿಗವಲ್ದು ಅನ್ನೂ ತಕರಾರು ಸರ್ವರಿಗೇ ಹೆಂಗ ಮುಟ್ಟಸ್ತೀಯೋ?’ ಹಾಗಾಗಿ ಮೊದಲು ತನ್ನ ಡಿಸ್ಕಿನಲ್ಲೇ ಬರೆದಿಟ್ಟುಕೊಳ್ಳಬೇಕು. ಸಂಪರ್ಕ ಬಂದ ಮೇಲೆ ಎಲ್ಲವೂ ಒಂದೆಡೆ ಸೇರಬೇಕು.

1045 ಎಂದರೆ ಹೆಸರೋ ಪಾಸ್‌ವರ್ಡೋ ತಪ್ಪಿದೆ. 2003, ಸರ್ವರ್ ಮುಟ್ಟಲೇ ಇಲ್ಲ. 2013, ಕೆಲಸದ ನಡುವೆ ಸಂಪರ್ಕ ಹರಿದಿದೆ. 1213 ಎಂದರೆ ಎರಡು ವ್ಯವಹಾರಗಳು ನೀ ಬಿಡು, ನೀ ಬಿಡು ಎಂದು ಅಡ್ಡ ನಿಂತಿದ್ದಕ್ಕೆ ಡೇಟಾಬೇಸೇ ಒಂದನ್ನು ರದ್ದು ಮಾಡಿದೆ. ಅಣ್ಣತಮ್ಮಂದಿರ ಹೊಲದ ವ್ಯಾಜ್ಯ ಕಿವಿಗೆ ಬಿದ್ದರೂ ಮಾಸ್ತರರು ‘ಅದು 1213’ ಎಂದು ತೀರ್ಪು ಕೊಡುತ್ತಾರೆ.

ಕೂಡಿಸುವುದರಲ್ಲಿ ಆಸೆಬುರುಕರಾದರೂ ಇಡುವುದರಲ್ಲಿ ಶಿಸ್ತಿನವರು. ಒಂದೇ ತಪ್ಪು ಸಾವಿರ ಸಲ ಬಂದರೆ ಒಂದೇ ಸಾಲು, ಪಕ್ಕದಲ್ಲಿ ಎಷ್ಟು ಸಲವೆಂಬ ಲೆಕ್ಕ. ಪಾಸ್‌ವರ್ಡ್, ಆಧಾರ್ ನಂಬರು ಅದರೊಳಗೆ ಬೀಳಕೂಡದು. ಹಳೆಯದನ್ನು ಗಂಟು ಕಟ್ಟಿ, ಅವಧಿ ಮುಗಿದ ಮೇಲೆ ಅಳಿಸಬೇಕು. ಇಲ್ಲವಾದರೆ ತಪ್ಪಿನ ಪಟ್ಟಿಯೇ ಡಿಸ್ಕ್ ತುಂಬಿ ಹೊಸ ತಪ್ಪಾಗುತ್ತದೆ. ಹೊತ್ತೂ ತಪ್ಪಕೂಡದು. ಒಮ್ಮೆ ಗೋದಾಮಿನ ಯಂತ್ರದ ಗಡಿಯಾರದ ಸೆಲ್ ಸತ್ತು, ಅದು ದಿನಾ ಬೆಳಿಗ್ಗೆ ಯಾವುದೋ ಹಳೆಯ ಜನವರಿ 1ಕ್ಕೇ ಏಳುತ್ತಿತ್ತು. ಸೆಲ್ ಬದಲಿಸಿ, ಎಲ್ಲ ಗಡಿಯಾರ ಸರಿಹೊಂದಿಸಿದ ಮೇಲೆಯೇ ಮಾಸ್ತರರು ಊಟಕ್ಕೆ ಎದ್ದದ್ದು.

ಆದರೂ ಒಂದು ಅಂಗಡಿಯ 2003 ಅವರ ತಲೆ ತಿಂದಿತು. ತಿಂಗಳಿಗೊಮ್ಮೆ, ಸಂಜೆ ಹೊತ್ತು, ಎಲ್ಲ ಯಂತ್ರಗಳಲ್ಲೂ ಒಟ್ಟಿಗೆ. ತಾರೀಖು ಮಾತ್ರ ಹಿಂದೆ ಹಿಂದೆ ಜಾರುತ್ತಿತ್ತು. ತಾರಕೇಶ್ವರ ಗುಡಿಗೆ ಹೋದವರು ಶಾಸನದ ಕಲ್ಲಿನ ಮುಂದೆ ನಿಂತುಬಿಟ್ಟರು. ಹಾನಗಲ್ಲಿನ ಕದಂಬರ ಕಾಲದ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಕೊರೆಯುವುದು ರೂಢಿ. ತಮ್ಮ ಕಿರ್ದಿಯಲ್ಲಿ ತಿಥಿಯ ಕಾಲಮ್ಮೇ ಇಲ್ಲ! ಮನೆಗೆ ಓಡಿ ಪಂಚಾಂಗ ಬಿಚ್ಚಿದರು. ಎಲ್ಲವೂ ಅಮವಾಸ್ಯೆ.

ಮುಂದಿನ ಅಮವಾಸ್ಯೆ ಸಂಜೆ ಅಂಗಡಿಯಲ್ಲಿ ಹೊಂಚು ಹಾಕಿ ಕೂತರು. ಸಾವ್ಕಾರರ ಮಗ ಬಂದ. ಲಕ್ಷ್ಮಿ ಫೋಟೋಕ್ಕೆ ಸೀರಿಯಲ್ ಲೈಟ್ ಹಚ್ಚಲು ನೆಟ್‌ವರ್ಕ್ ಸ್ವಿಚ್ಚಿನ ಪಿನ್ ಕಿತ್ತ.

‘ಹಂಗಾರ ಪೂಜಿ ಬಿಡಬೇಕೇನ್ರಿ ಮಾಸ್ತರ?’

‘ಬ್ಯಾಡ್ರಿ ಸಾವ್ಕಾರ್ರ, ಇನ್ನೊಂದು ಬೋರ್ಡ್ ತರಸ್ರಿ.’

ಬೋರ್ಡ್ ಬಂತು. ಮರು ಅಮವಾಸ್ಯೆ ಕಿರ್ದಿ ಖಾಲಿ. ಸಾವ್ಕಾರರಿಗೆ ನಿಶ್ಚಿಂತೆ, ಮಾಸ್ತರರಿಗೆ ಜಾಗರಣೆ. ಕಿರ್ದಿ ಖಾಲಿಯಿದ್ದರೆ ತಪ್ಪೇ ಆಗಿರಲಿಕ್ಕಿಲ್ಲ, ಅಥವಾ ಬರೆಯುವುದೇ ನಿಂತಿರಬಹುದು. ಬೆಳಿಗ್ಗೆ ಅಂಗಡಿ ತೆರೆಯುವುದೇ ತಡ, ಯಂತ್ರಗಳನ್ನೆಲ್ಲ ಹಚ್ಚಿಸಿ, ತಾವೇ ಆ ಪಿನ್ ಕಿತ್ತರು. ಸಾಲಾಗಿ 2003 ಬಿತ್ತು. ಮಾಸ್ತರರ ಮುಖ ಅರಳಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾವ್ಕಾರರು ಹೇಳಿದರು: ‘ಇದನ್ನ ನಮ್ಮ ಹುಡುಗ ಪುಕ್ಕಟ ಕೀಳ್ತಿದ್ನಲ್ರೀ!’