ಹೋಗಲಿ ಬಿಡಿ ಅಕ್ಕಾ, ಅವಸರ ಬೇಡ ಅಷ್ಟೆ

ಹೋಗಬೇಡ ಅಂತ ಮಾತ್ರ ಹೇಳಬೇಡಿ ಅಕ್ಕಾ. ಇಂಡೋನೇಷ್ಯಾ ಅಂದರೆ ಅಗ್ನಿಪರ್ವತ, ಭೂಕಂಪ ಅಂತ ನಿಮಗೆ ನಿದ್ದೆ ಬರ್ತಿಲ್ಲ ಅಂದಿರಿ. ಆ ದೇಶದಲ್ಲಿ ಜೀವಂತ ಅಗ್ನಿಪರ್ವತಗಳೇ 120ಕ್ಕೂ ಹೆಚ್ಚು ಇವೆ, ಸುಳ್ಳಲ್ಲ. ಆದರೆ ನಿಮ್ಮ ಮಗನ ಪ್ಲಾನ್ ಕೇಳಿದಾಗಿನಿಂದ ನನ್ನ ಚಿಂತೆಯೇ ಬೇರೆ. ಎಂಟು ದಿನದೊಳಗೆ ಬಾಲಿ, ಜಾವಾದ ಬ್ರೋಮೋ, ಇಜೆನ್, ಲೊಂಬೊಕ್ ದ್ವೀಪದ ರಿಂಜಾನಿ ಬೆಟ್ಟ, ಗಿಲಿ ದ್ವೀಪದಲ್ಲಿ ಡೈವಿಂಗ್, ಎಲ್ಲಾ ತುರುಕಿಕೊಂಡಿದ್ದಾನೆ. ಒಂದು ರಾತ್ರಿಯೂ ನೆಟ್ಟಗೆ ಮಲಗೋ ಹಾಗಿಲ್ಲ. ಅಲ್ಲಿಗೆ ಹೋದ ಹುಡುಗರು ತೊಂದರೆಗೆ ಸಿಕ್ಕೋದು ಬಹಳಷ್ಟು ಸಲ ಈ ಅವಸರದಿಂದಲೇ.

ಡೈವಿಂಗ್ ವಿಷಯವನ್ನೇ ತಗೊಳ್ಳಿ. ಗಿಲಿಯಲ್ಲಿ ಸಮುದ್ರದೊಳಗೆ ಇಳಿದು, ಮಾರನೇ ಬೆಳಿಗ್ಗೆಯೇ ರಿಂಜಾನಿ ಹತ್ತೋದು ಅವನ ಲೆಕ್ಕ. ನೀರಿನ ಒತ್ತಡದಲ್ಲಿ ಮೈಯೊಳಗೆ ಸಾರಜನಕ ಕರಗಿರುತ್ತೆ. ಅದು ಉಸಿರಿನಲ್ಲಿ ನಿಧಾನವಾಗಿ ಹೊರಗೆ ಹೋಗಬೇಕು. ಅದಕ್ಕೇ ಒಂದೆರಡು ಡೈವ್ ಮಾಡಿದವರು 18 ಗಂಟೆಯಾದರೂ ವಿಮಾನ ಹತ್ತಬಾರದು ಅಂತಾರೆ. ವಿಮಾನಕ್ಕಿರೋ ನಿಯಮವೇ ಎತ್ತರದ ಬೆಟ್ಟಕ್ಕೂ. ಮೇಲೆ ಗಾಳಿಯ ಒತ್ತಡ ಕಡಿಮೆಯಾದಾಗ ಆ ಸಾರಜನಕ ರಕ್ತದಲ್ಲಿ ಗುಳ್ಳೆ ಕಟ್ಟಿಕೊಂಡರೆ, ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಮೊದಲು ಬೆಟ್ಟ, ಆಮೇಲೆ ಸಮುದ್ರ, ಆಮೇಲೆ ಒಂದು ದಿನ ಸುಮ್ಮನೆ ದಡದಲ್ಲಿ ಕೂತಿದ್ದು ವಿಮಾನ. ಈ ಕ್ರಮವನ್ನ ಅವನು ತಿರುಗಿಸಲೇಬಾರದು.

ಇನ್ನು ರಿಂಜಾನಿ. 3,726 ಮೀಟರ್ ಅಕ್ಕಾ, ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು. ಸೆಂಬಾಲುನ್ ಅಂತ ಒಂದು ಹಳ್ಳಿಯಿಂದ ಹತ್ತೋಕೆ ಶುರು ಮಾಡ್ತಾರೆ. ಮೊದಲ ದಿನ ಬಿಸಿಲಲ್ಲಿ ಹುಲ್ಲುಗಾವಲು ದಾಟಿ, ಸಂಜೆಗೆ 2,600 ಮೀಟರ್ ಎತ್ತರದ ಅಂಚಿಗೆ ಹೋಗಿ ಟೆಂಟ್ ಹಾಕ್ತಾರೆ. ರಾತ್ರಿ ಎರಡು ಗಂಟೆಗೆ ಎಬ್ಬಿಸಿ, ಹಣೆಗೆ ಟಾರ್ಚ್ ಕಟ್ಟಿಸಿ, ತುದಿಗೆ ಹೊರಡಿಸ್ತಾರೆ. ಕೊನೆಯ ಭಾಗ ಇದೆಯಲ್ಲ, ಅದು ಜಲ್ಲಿ ರಾಶಿ ಹತ್ತಿದ ಹಾಗೆ. ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಜಾರುತ್ತೆ. ಎದುರಿಗೆ ಕೊರೆಯೋ ಗಾಳಿ. ಇಷ್ಟಾಗಿ ತುದಿಯಲ್ಲಿ ಬೆಳಕು ಹರಿದಾಗ ಕೆಳಗೆ ಸೆಗಾರಾ ಅನಾಕ್ ಸರೋವರ, ಅದರ ನಡುವಿನಿಂದ ಎದ್ದಿರೋ ಬಾರುಜಾರಿ ಅನ್ನೋ ಪುಟ್ಟ ಹೊಸ ಅಗ್ನಿಪರ್ವತ ಕಾಣುತ್ತೆ. ಅದನ್ನ ನೋಡಬೇಕು ಅನ್ನೋ ನಿಮ್ಮ ಮಗನ ಆಸೆಗೆ ನಾನು ಪೂರಾ ಒಪ್ಪಿದ್ದೀನಿ.

ಆದರೆ ಅವನು ನೋಡಿಟ್ಟಿರೋದು ಎರಡು ದಿನದ ಪ್ಯಾಕೇಜ್. ಅಂದರೆ ತುದಿ ಮುಟ್ಟಿದ ದಿನವೇ ಹಳ್ಳಿಯವರೆಗೆ ಎರಡೂವರೆ ಸಾವಿರ ಮೀಟರ್ ಇಳಿಯಬೇಕು. ನಿದ್ದೆಯಿಲ್ಲ, ಮಂಡಿ ನಡುಗ್ತಿರುತ್ತೆ, ಕಾಲಡಿ ಸಡಿಲ ಪುಡಿಗಲ್ಲು. ಹತ್ತೋವಾಗ ಇರೋ ಎಚ್ಚರ ಇಳಿಯೋವಾಗ ಇರಲ್ಲ. ಮೂರು ದಿನದ್ದು ತಗೊಳ್ಳೋಕೆ ಹೇಳಿ. ನಡುವೆ ಒಂದು ರಾತ್ರಿ ಸರೋವರದ ದಡದಲ್ಲಿ ಮಲಗಿ, ಪಕ್ಕದ ಬಿಸಿನೀರ ಬುಗ್ಗೆಯಲ್ಲಿ ಕಾಲು ಇಳಿಬಿಟ್ಟು ಕೂರಬಹುದು.

ಆ ಬೆಟ್ಟದಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದು ಪೋರ್ಟರ್‌ಗಳು. ಬಿದಿರಿನ ಅಡ್ಡೆಯ ಎರಡು ತುದಿಗೂ ಬುಟ್ಟಿ. ಟೆಂಟು, ಅಕ್ಕಿ, ನೀರಿನ ಬಾಟಲಿ, ಒಲೆ, ಪಾತ್ರೆ, ಎಲ್ಲಾ ಅದರಲ್ಲೇ. ಕಾಲಲ್ಲಿ ಹವಾಯಿ ಚಪ್ಪಲಿ. ಹೆಗಲು ಬದಲಾಯಿಸೋವಾಗ ಒಂದು ಕ್ಷಣ ನಿಂತು, ಅಡ್ಡೆಯನ್ನ ಕತ್ತಿನ ಹಿಂದಿನಿಂದ ಆ ಕಡೆಗೆ ಜಾರಿಸಿ ಮತ್ತೆ ನಡೀತಾರೆ. ಅಗ್ಗದ ಪ್ಯಾಕೇಜ್ ಅಂದರೆ ಮೊದಲು ಕತ್ತರಿ ಬೀಳೋದು ಇವರ ಕೂಲಿಗೆ, ಆಮೇಲೆ ಸ್ಲೀಪಿಂಗ್ ಬ್ಯಾಗಿಗೆ. ಅದರಲ್ಲಿ ಚೌಕಾಶಿ ಬೇಡ. ದುಡ್ಡು ಕಟ್ಟೋ ಮೊದಲು ಒಂದು ಮಾತು ಕೇಳಲಿ: ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬೀಳೋನ ಜೊತೆ ಗೈಡ್ ಇರ್ತಾನಾ? ಇಲ್ಲ ಅಂದರೆ ಬೇರೆಯವರನ್ನ ಹುಡುಕಲಿ. 2018ರ ಜುಲೈ 29ರಂದು ಲೊಂಬೊಕ್ ನಡುಗಿದಾಗ ಗುಡ್ಡ ಕುಸಿದು, ನೂರಾರು ಚಾರಣಿಗರು ಮೇಲೇ ಸಿಕ್ಕಿಹಾಕಿಕೊಂಡಿದ್ದರು. ಅಂಥಾ ಹೊತ್ತಲ್ಲಿ ಬೇರೆ ದಾರಿ ಗೊತ್ತಿರೋದು ಆ ಊರಿನವರಿಗೇ.

ಕಾಲವನ್ನೂ ನೋಡಿಕೊಳ್ಳಬೇಕು. ಸಮಭಾಜಕದ ಆಚೆ ಇರೋ ಊರು, ನಮ್ಮಲ್ಲಿ ಮಳೆ ಹೊಯ್ಯೋ ಜುಲೈಯಲ್ಲಿ ಅಲ್ಲಿ ಒಣಹವೆ. ನಮ್ಮ ಸಂಕ್ರಾಂತಿಗೆ ಅಲ್ಲಿ ಜಡಿಮಳೆ. ಜನವರಿಯಿಂದ ಮಾರ್ಚ್ ಕೊನೆವರೆಗೆ ರಿಂಜಾನಿ ದಾರಿಯನ್ನೇ ಸಾಮಾನ್ಯವಾಗಿ ಮುಚ್ಚಿಬಿಡ್ತಾರೆ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬಾಲಿಯವರಿಗೆ ನ್ಯೆಪಿ ಅಂತ ಶಕ ವರ್ಷದ ಹೊಸ ದಿನ ಬರುತ್ತೆ. ಅವತ್ತು ಮೌನ. ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚಿರುತ್ತೆ, ಬೀದಿಗೆ ಯಾರೂ ಇಳಿಯೋ ಹಾಗಿಲ್ಲ.

ಇಜೆನ್‌ಗೆ ಜನ ನಡುರಾತ್ರಿಯಲ್ಲಿ ಹತ್ತೋದು ನೀಲಿ ಬೆಂಕಿ ನೋಡೋಕೆ. ಗಂಧಕದ ಅನಿಲ ಹೊತ್ತಿ ಉರಿಯೋದು, ಕತ್ತಲಲ್ಲಿ ಮಾತ್ರ ಕಾಣುತ್ತೆ. ಪಕ್ಕದಲ್ಲಿರೋ ಹಸಿರು ಕೆರೆಯ ತುಂಬಾ ಕಟು ಆಮ್ಲದ ನೀರು. ಗಾಳಿ ಈ ಕಡೆ ತಿರುಗಿತು ಅಂದರೆ ಹೊಗೆ ಗಂಟಲು ಹಿಂಡುತ್ತೆ. ಬಟ್ಟೆ ಮಾಸ್ಕ್ ಯಾತಕ್ಕೂ ಬರಲ್ಲ, ಅನಿಲ ತಡೆಯೋ ಫಿಲ್ಟರ್ ಮಾಸ್ಕೇ ಬೇಕು. ಅದೇ ಹೊಗೆಯಲ್ಲಿ 70–80 ಕೆಜಿ ಗಂಧಕ ಹೊತ್ತು ಮೇಲೆ ಬರೋರಿದ್ದಾರೆ. ಅವರು ಎದುರಿಗೆ ಬಂದರೆ ಫೋಟೋಗೆ ನಿಲ್ಲಿಸದೆ ದಾರಿ ಬಿಡಬೇಕು. ಅಲ್ಲಿನ ಸರ್ಕಾರ ಅಗ್ನಿಪರ್ವತಗಳಿಗೆ ನಾಲ್ಕು ಹಂತದ ಎಚ್ಚರಿಕೆ ಕೊಡುತ್ತೆ, ಹೊರಡೋ ದಿನ ಅದನ್ನ ನೋಡಲೇಬೇಕು. 2023ರ ಡಿಸೆಂಬರ್‌ನಲ್ಲಿ ಸುಮಾತ್ರಾದ ಮರಾಪಿ ಸಿಡಿದು 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಬಾಯಿಯಿಂದ 3 ಕಿಲೋಮೀಟರ್ ಒಳಗೆ ಹೋಗಬಾರದು ಅಂತ ಸೂಚನೆ ಮೊದಲೇ ಇತ್ತು. ಇನ್ನೊಂದು ಸಣ್ಣ ವಿಷಯ: ಬಾಲಿಯಿಂದ ದೋಣಿ ದಾಟಿ ಜಾವಾಕ್ಕೆ ಇಳಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಗಾಡಿಯವನಿಗೆ ಹೊತ್ತು ಹೇಳೋವಾಗ ಯಾವ ಕಡೆಯ ಟೈಮು ಅಂತ ಬಿಡಿಸಿ ಹೇಳಬೇಕು.

ಬೆಟ್ಟಕ್ಕಿಂತ ನನಗೆ ಭಯ ಸ್ಕೂಟರ್. ಅಲ್ಲಿ ಬಾಡಿಗೆಗೆ ಯಾರು ಕೇಳಿದರೂ ಕೊಡ್ತಾರೆ. ನಮ್ಮ ಹಾಗೇ ಎಡಗಡೆ ಓಡಿಸೋದು ಅಂತ ಹುಡುಗರಿಗೆ ಧೈರ್ಯ. ರಾತ್ರಿ ಪೂರಾ ಬೆಟ್ಟ ಹತ್ತಿಳಿದು, ಮಧ್ಯಾಹ್ನ ತೂಕಡಿಸ್ತಾ ಓಡಿಸಿದರೆ ಇನ್ನೇನಾಗುತ್ತೆ? ಇಲ್ಲಿಯ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸದೆ ಹೋದರೆ, ಬಿದ್ದಾಗ ಇನ್ಶೂರೆನ್ಸ್‌ನವರು ಆಸ್ಪತ್ರೆ ಖರ್ಚು ಸಾಮಾನ್ಯವಾಗಿ ಕೊಡಲ್ಲ. ಆ ಪಾಲಿಸಿಯಲ್ಲೂ ಚಾರಣದ ಎತ್ತರಕ್ಕೆ ಮಿತಿ ಇದೆಯಾ ಅಂತ ಓದಿಯೇ ತಗೊಳ್ಳಲಿ.

ಊಟದ ಚಿಂತೆ ಬಿಡಿ. ಸೋಯಾಕಾಳಿನ ತೆಂಪೆ, ಕಡಲೆಕಾಯಿ ಗೊಜ್ಜು ಹಾಕಿದ ತರಕಾರಿ, ಅನ್ನ ಎಲ್ಲಾ ಕಡೆ ಸಿಗುತ್ತೆ. ಸಂಬಲ್ ಚಟ್ನಿಯಲ್ಲಿ ಮಾತ್ರ ಸಿಗಡಿ ಅರೆದು ಹಾಕಿರ್ತಾರೆ, ಕೇಳಿ ತಿನ್ನಲಿ. ಓಆರ್‌ಎಸ್ ಪೊಟ್ಟಣ ಇಲ್ಲಿಂದಲೇ ಕೊಟ್ಟು ಕಳಿಸಿ. ಆ ಸೆಕೆಯಲ್ಲಿ ಬೆವರು ಆರೋದೇ ಇಲ್ಲ, ಬರೀ ನೀರು ಕುಡಿದರೆ ಸಾಲದು. ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ. ದೇವಸ್ಥಾನದ ಕೋತಿಯೋ ಬೀದಿನಾಯಿಯೋ ಪರಚಿದರೂ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆದು, ಅವತ್ತೇ ಇಂಜೆಕ್ಷನ್ ತಗೋಬೇಕು. ಊರಿಗೆ ಬಂದು ನೋಡಿಕೊಂಡರಾಯ್ತು ಅನ್ನೋದು ಬೇಡವೇ ಬೇಡ.

ಇಷ್ಟೆಲ್ಲಾ ನೆಮ್ಮದಿಯಾಗಿ ಆಗಬೇಕಾದರೆ ಹನ್ನೆರಡು ದಿನ ಬೇಕು ಅಕ್ಕಾ. ಆಫೀಸಿನಲ್ಲಿ ಇನ್ನೂ ನಾಲ್ಕು ದಿನ ರಜೆ ಕೇಳೋಕೆ ಹೇಳಿ. ಸಿಗದಿದ್ದರೆ ಜಾವಾ ಪೂರ್ತಿ ಕೈಬಿಡಲಿ, ಲೊಂಬೊಕ್ ಒಂದನ್ನೇ ಸರಿಯಾಗಿ ನೋಡಿಕೊಂಡು ಬರಲಿ. ಟಿಕೆಟ್ ಮಾಡೋ ಮೊದಲೇ ಈ ಮಾತು ಅವನ ಕಿವಿಗೆ ಹಾಕಿಬಿಡಿ.