ಹದಿಮೂರು ತಿಂಗಳಲ್ಲಿ ಕೆಟ್ಟುಹೋದ ಮಷೀನು

ನಮ್ಮ ಮಹಡಿ ಮನೆಯವರು ಕಮಲ. ಕೆಳಮನೆಯವರು ಕೈ. ಇಬ್ಬರೂ ಓದಿಕೊಂಡವರು. ತೊಂದರೆಯೇ ಅದು.

2023ರ ಮೇ 13, ವಿಧಾನಸಭೆ ಫಲಿತಾಂಶ. ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66. ಕೆಳಗೆ ಪಟಾಕಿ, ಮೇಲೆ ಟಿ.ವಿ. ಆಫ್. ಸಂಜೆ ಕಟ್ಟೆಗೆ ಬಂದ ಮಹಡಿಯವರು ತೀರ್ಪು ಕೊಟ್ಟೇಬಿಟ್ಟರು: "ಬಿಟ್ಟಿ ಬಸ್ಸಿಗೆ, ಎರಡು ಸಾವಿರಕ್ಕೆ ಜನ ಮಾರ್ಕೊಂಡ್ರು ಸ್ವಾಮಿ."

2019ರ ಲೋಕಸಭೆಗೆ ಇದೇ ಜನ ಅವರ ಪಕ್ಷಕ್ಕೆ 28ರಲ್ಲಿ 25 ಸೀಟು ಕೊಟ್ಟಿದ್ದರು. ಆಗ 'ಪ್ರಬುದ್ಧ ಮತದಾರ'. ನಾಲ್ಕೇ ವರ್ಷಕ್ಕೆ ಬಿಟ್ಟಿ ಗಿರಾಕಿ.

ಮಾರಿಕೊಂಡವರು ಯಾರಪ್ಪಾ ಎಂದು ಲೆಕ್ಕ ನೋಡಿದೆ. ಬಿಜೆಪಿಗೆ 2018ರಲ್ಲಿ ಬಿದ್ದದ್ದು ಸುಮಾರು ಶೇ. 36 ಮತ, 104 ಸೀಟು. 2023ರಲ್ಲೂ ಸುಮಾರು ಶೇ. 36, ಆದರೆ 66 ಸೀಟು. ಅಂದರೆ ಇವರ ಪಾಲು ಕರಗಿಯೇ ಇರಲಿಲ್ಲ. ಕರಗಿದ್ದು ಜೆಡಿಎಸ್‌ನದು, ಉಬ್ಬಿದ್ದು ಕಾಂಗ್ರೆಸ್ಸಿನದು. ಹೇಳಿದೆ. "ಅಂಕಿಅಂಶ ಬಿಡಿ" ಅಂದರು. ಬಿಟ್ಟೆ.

ಹದಿಮೂರು ತಿಂಗಳು ಕಳೆಯಿತು. 2024ರ ಜೂನ್ 4, ಲೋಕಸಭೆ ಫಲಿತಾಂಶ. ರಾಜ್ಯದಲ್ಲಿ ಬಿಜೆಪಿಗೆ 17, ಜೆಡಿಎಸ್‌ಗೆ 2, ಕಾಂಗ್ರೆಸ್ಸಿಗೆ 9. ಈ ಸಲ ಟಿ.ವಿ. ಆಫ್ ಆದದ್ದು ಕೆಳಗೆ.

"ಮಷೀನು ಸರಿಯಿಲ್ಲ."

ಹಿಂದಿನ ವರ್ಷ ಪಟಾಕಿ ಹಚ್ಚಿಸಿದ್ದೂ ಇಂಥದೇ ಮಷೀನು. ಅವತ್ತು ಅದಕ್ಕೆ ಆರತಿ ಎತ್ತುವುದೊಂದು ಬಾಕಿಯಿತ್ತು. ಗೆದ್ದ ಕಡೆಯ ಮಷೀನನ್ನೂ ಬಿಚ್ಚಿ ನೋಡಿ ಎಂದ ಗೆದ್ದವನನ್ನು ನಾನಿನ್ನೂ ಕಂಡಿಲ್ಲ.

ಮಷೀನಿನ ಮೇಲೆ ಸಿಟ್ಟು ತೀರಿದ ಮೇಲೆ, ಸರ್ಕಾರದ ಎರಡು ಸಾವಿರ ಪಡೆದ ಹೆಂಗಸರ ಸರದಿ. "ನಮ್ಮ ಎರಡು ಸಾವಿರ ತಿಂದು ಅವರಿಗೆ ಒತ್ತಿದರು!" ನಮ್ಮ? ದುಡ್ಡು ಖಜಾನೆಯದು, ಸ್ವಾಮಿ. ಮಹಡಿಯವರ ಪ್ರಕಾರ ಆ ಹೆಂಗಸು ಎರಡು ಸಾವಿರಕ್ಕೆ ಮಾರಿಕೊಂಡವಳು. ಕೆಳಗಿನವರ ಪ್ರಕಾರ ಅದೇ ಎರಡು ಸಾವಿರ ತಿಂದು ಎರಡು ಬಗೆದವಳು. ವಿಧಾನಸಭೆಗೆ ಒಂದು, ಲೋಕಸಭೆಗೆ ಇನ್ನೊಂದು ಎಂದು ಆಕೆ ತೂಗಿ ನೋಡಿ ಒತ್ತಿರಬಹುದು ಅನ್ನುವುದು ಮಾತ್ರ ಯಾವ ಮನೆಗೂ ಹೊಳೆಯಲಿಲ್ಲ.

ಮಹಡಿಯವರು ನಗುತ್ತಿದ್ದರು. 2009 ನೆನಪಿಸಿದೆ. ಅವತ್ತು ಸೋತದ್ದು ಅವರ ಪಕ್ಷ, ಮತಪತ್ರವೇ ವಾಪಸು ಬರಲಿ ಅಂದದ್ದು ಅಡ್ವಾಣಿ. ಮರುವರ್ಷ ಅದೇ ಪಾಳಯದ ಜಿ.ವಿ.ಎಲ್. ನರಸಿಂಹ ರಾವ್ ಮತಯಂತ್ರದ ವಿರುದ್ಧ ಒಂದು ಪುಸ್ತಕವನ್ನೇ ಬರೆದರು, ಮುನ್ನುಡಿ ಅಡ್ವಾಣಿಯವರದು. 2014ರಲ್ಲಿ ಗೆದ್ದರು ನೋಡಿ, ಮಷೀನು ತಂತಾನೇ ರಿಪೇರಿಯಾಯಿತು.

"ಅದು ಬೇರೆ ವಿಷಯ" ಅಂದರು.

ಇಬ್ಬರ ನಾಯಕರಿಗೂ ಈ ಕಾಯಿಲೆ ಇಲ್ಲ. ಸೋತ ಮಾರನೇ ವಾರ ಯಾರದೋ ಮಗಳ ಮದುವೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಹೋಳಿಗೆ ತಿನ್ನುತ್ತಾರೆ. ಮುಂದಿನ ವರ್ಷ ಒಂದೇ ಪಕ್ಷದಲ್ಲೂ ಇರುತ್ತಾರೆ. ಉಣ್ಣಲಾರದೆ, ನಿದ್ದೆ ಬಾರದೆ ಒದ್ದಾಡುವುದು ನಮ್ಮ ಮೇಲಿನ ಮನೆ, ಕೆಳಗಿನ ಮನೆ.

ಮೊನ್ನೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಚುನಾವಣೆ. ಅಧ್ಯಕ್ಷಗಿರಿಗೆ ಇಬ್ಬರೂ ನಿಂತರು. ಮಷೀನಿಲ್ಲ, ಬರೀ ಚೀಟಿ. ಎಲ್ಲರ ಕಣ್ಣೆದುರೇ ಎಣಿಕೆ. ಗೆದ್ದದ್ದು ಮೂರನೆಯವರು.

ಈಗ ಇಬ್ಬರೂ ಒಂದಾಗಿದ್ದಾರೆ. ಡಬ್ಬದ ಬೀಗ ಸರಿಯಿರಲಿಲ್ಲವಂತೆ.